ಆ ನಾಲ್ಕು ಜನ ಯಾರು?

ಮಗಳು ಇನ್ನಷ್ಟು ಓದುತ್ತೇನೆಂದರೂ, ಗಂಡನನ್ನು ಕಳೆದುಕೊಂಡವಳು ಮತ್ತೆ ಮದುವೆಯಾಗುತ್ತೇನೆಂದರೂ, ಸಾಲ ಮಾಡಿ ಸಮಾರಂಭ ನಡೆಸಲಾರೆನೆಂದು ಮನೆಯ ಯಜಮಾನ ಕೈಚೆಲ್ಲಿದರೂ ನಮ್ಮ ಭಾಷೆಯಲ್ಲಿ ಮೊದಲು ಹೊರಡುವ ಮಾತು ಒಂದೇ: "ನಾಲ್ಕು ಜನ ಏನಂದಾರು?" ಈ ನಾಲ್ಕು ಜನ ಯಾರೆಂದು ನಾನು ಬಹಳ ಕಾಲ ಹುಡುಕಿದ್ದೇನೆ. ಎದುರುಮನೆಯವರಿರಬೇಕೆಂದು ಅವರನ್ನು ವಿಚಾರಿಸಿದರೆ ಅವರೂ ನಾಲ್ಕು ಜನರಿಗೆ ಹೆದರಿಕೊಂಡೇ ಬದುಕುತ್ತಿರುತ್ತಾರೆ, ಅವರ ನಾಲ್ವರಲ್ಲಿ ನಾವೂ ಒಬ್ಬರಾಗಿರುತ್ತೇವೆ. ಆದರೆ ಅದೇ ನಾಲ್ಕು ಜನ ನಮಗೆ ಬೇಕು ಕೂಡ. ಸತ್ತಾಗ ಹೊರುವುದಕ್ಕೆ ನಾಲ್ಕು ಜನ ಬೇಕು ಎನ್ನುವವರೂ ನಾವೇ. ಹೆದರಿಸುವವರೂ ಹೆಗಲು ಕೊಡುವವರೂ ಒಬ್ಬರೇ ಆಗಿರುವುದರಲ್ಲಿ ಇಂದಿನ ವಿಷಯದ ತೊಡಕೆಲ್ಲ ಅಡಗಿದೆ.

ನನಗೆ ಕೊಟ್ಟಿರುವ ವಿಷಯ, ಒಗ್ಗಟ್ಟಿನ ಸಮುದಾಯಗಳಲ್ಲಿ ಹಾನಿಕರ ಸಂಪ್ರದಾಯಗಳ ಕುರುಡು ಅನುಕರಣೆ. ಇದರಲ್ಲಿ 'ಕುರುಡು' ಎಂಬ ವಿಶೇಷಣದ ಬಗ್ಗೆ ನನಗೆ ತಕರಾರಿದೆ. ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವವನನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಮರ ಯಾವುದು, ಹಗ್ಗ ಯಾವುದು ಎಂಬುದು ಆತನಿಗೆ ಕಾಣುವುದಿಲ್ಲವೆಂದು ಗಾದೆ ಭಾವಿಸಿದೆ. ಬಹುಪಾಲು ಸಂದರ್ಭಗಳಲ್ಲಿ ಆತನಿಗೆ ಎರಡೂ ಚೆನ್ನಾಗಿಯೇ ಕಾಣುತ್ತಿರುತ್ತವೆ. ಆದರೂ ಆತ ಮರದ ಕಡೆ ನೋಡದೆ ಸುತ್ತ ನಿಂತವರ ಮುಖ ನೋಡುತ್ತಿರುತ್ತಾನೆ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೀನಾದಲ್ಲಿ ಸುಮಾರು ಒಂದು ಸಾವಿರ ವರ್ಷ ಹೆಣ್ಣುಮಕ್ಕಳ ಪಾದಗಳನ್ನು ಕಟ್ಟುತ್ತಿದ್ದರು. ಹುಡುಗಿಗೆ ಐದಾರು ವರ್ಷವಾದಾಗ ಪಾದಗಳನ್ನು ಬಿಸಿನೀರಿನಲ್ಲಿ ನೆನೆಸಿ, ಉಗುರುಗಳನ್ನು ಕತ್ತರಿಸಿ, ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನ ಕೆಳಕ್ಕೆ ಮಡಚಿ, ಸುಮಾರು ಎರಡು ಇಂಚು ಅಗಲದ, ಹತ್ತು ಅಡಿ ಉದ್ದದ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಿದ್ದರು. ಕೆಲವು ದಿನಗಳಿಗೊಮ್ಮೆ ಬಿಚ್ಚಿ, ತೊಳೆದು, ಮೊದಲಿಗಿಂತ ಬಿಗಿಯಾಗಿ ಮತ್ತೆ ಕಟ್ಟುವುದು. ಕ್ರಮೇಣ ಬೆರಳುಗಳ ಮೂಳೆ ಮುರಿಯುತ್ತಿತ್ತು, ಪಾದದ ಕಮಾನು ಮುರಿದು ಹಿಮ್ಮಡಿ ಮತ್ತು ಮುಂಗಾಲು ಒಂದರ ಹತ್ತಿರ ಒಂದು ಬರುತ್ತಿದ್ದವು. ಕೀವು ತುಂಬಿ, ಕೆಲವೊಮ್ಮೆ ಬೆರಳೇ ಉದುರಿ, ನಂಜೇರಿ ಮಕ್ಕಳು ಸಾಯುವುದೂ ಇತ್ತು. ಆದರ್ಶವೆಂದರೆ ಮೂರು ಇಂಚಿನ ಪಾದ, ಅದಕ್ಕೆ 'ಚಿನ್ನದ ತಾವರೆ' ಎಂಬ ಸುಂದರವಾದ ಹೆಸರು.

ಈ ಪಟ್ಟಿಯನ್ನು ಸುತ್ತುತ್ತಿದ್ದ ಕೈಗಳು ಯಾರವು ಎಂಬುದನ್ನು ಗಮನಿಸಬೇಕು. ಸಾಮಾನ್ಯವಾಗಿ ಅವು ತಾಯಿಯ ಅಥವಾ ಅಜ್ಜಿಯ ಕೈಗಳು. ಆ ನೋವು ಎಂಥದ್ದೆಂದು ಆ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಆಕೆಗೆ. ಆಕೆಯನ್ನು ಕುರುಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಟ್ಟದ ಪಾದದ ಮಗಳಿಗೆ ಒಳ್ಳೆಯ ಮನೆತನದ ಸಂಬಂಧ ಬರುವುದಿಲ್ಲ, ಸಂಬಂಧ ಬರದ ಹೆಣ್ಣಿಗೆ ಆ ಸಮಾಜದಲ್ಲಿ ನೆಲೆಯಿಲ್ಲ ಎಂಬುದು ಆಕೆಗೆ ತಿಳಿದಿತ್ತು, ಮತ್ತು ಅವಳಿದ್ದ ಕಾಲದಲ್ಲಿ ಆ ತಿಳಿವಳಿಕೆ ಸರಿಯಾಗಿಯೇ ಇತ್ತು. ಊರಿನ ತಾಯಂದಿರೆಲ್ಲ ಒಂದೇ ದಿನ ಬಿಟ್ಟಿದ್ದರೆ ಯಾರ ಮಗಳಿಗೂ ನಷ್ಟವಾಗುತ್ತಿರಲಿಲ್ಲ. ಒಬ್ಬಳೇ ಬಿಟ್ಟರೆ ಅವಳ ಮಗಳಿಗೆ ಮಾತ್ರ ನಷ್ಟ. ಹದಿನೇಳನೆಯ ಶತಮಾನದಲ್ಲಿ ಚಿಂಗ್ ವಂಶದ ದೊರೆಗಳು ಈ ಪದ್ಧತಿಯನ್ನು ನಿಷೇಧಿಸಿ ನೋಡಿದರು, ನಡೆಯಲಿಲ್ಲ, 1668ರಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡರು. ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಗೆದ್ದವರು ಹತ್ತು ಅಡಿ ಬಟ್ಟೆಯ ಮುಂದೆ ಸೋತರು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಲಾರೆಲ್ ಬಾಸೆನ್ ಮತ್ತು ಹಿಲ್ ಗೇಟ್ಸ್ ಎಂಬ ಮಾನವಶಾಸ್ತ್ರಜ್ಞೆಯರು ಪಾದ ಕಟ್ಟಿಸಿಕೊಂಡಿದ್ದ ಹಳ್ಳಿಗಾಡಿನ ವೃದ್ಧೆಯರನ್ನು ದೊಡ್ಡ ಸಂಖ್ಯೆಯಲ್ಲಿ ಮಾತನಾಡಿಸಿ, ಮದುವೆಗಿಂತ ದುಡಿಮೆ ಇಲ್ಲಿ ಮುಖ್ಯವೆಂದು ವಾದಿಸಿದ್ದಾರೆ. ಓಡಾಡಲಾಗದ ಹುಡುಗಿ ಕೂತಲ್ಲೇ ಕೂತು ನೂಲುತ್ತಾಳೆ, ನೇಯುತ್ತಾಳೆ, ಗಿರಣಿಯ ನೂಲು ಬಂದು ಮನೆಯ ರಾಟೆ ನಿಂತ ಮೇಲೆ ಪಾದ ಕಟ್ಟುವುದೂ ಸಡಿಲಗೊಂಡಿತು ಎಂಬುದು ಅವರ ನಿಲುವು. ಯಾವುದು ಎಷ್ಟು ಕಾರಣವೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ನಾನು ಅದರಿಂದ ಎತ್ತಿಕೊಳ್ಳುವುದು ಇಷ್ಟನ್ನೇ: ಯಾವುದೇ ಸಂಪ್ರದಾಯದ ಮುಂದೆ ನಿಂತಾಗ ಇದರ ಫಲವನ್ನು ಉಣ್ಣುತ್ತಿರುವವರು ಯಾರು ಎಂದು ಕೇಳುವ ಅಭ್ಯಾಸ ಒಳ್ಳೆಯದು. ಉಣ್ಣುವವರು ಮತ್ತು ನೋಯುವವರು ಬೇರೆ ಬೇರೆಯಾಗಿದ್ದಲ್ಲಿ 'ಪರಂಪರೆ' ಎಂಬ ಮಾತು ಸ್ವಲ್ಪ ಹೆಚ್ಚೇ ಗಟ್ಟಿಯಾಗಿ ಕೇಳಿಸುತ್ತದೆ.

ನಂಬಿಕೆ ಇಲ್ಲದಿದ್ದರೂ ಪಾಲಿಸುತ್ತಿರುವ ಆಚರಣೆ ನಿಮ್ಮಲ್ಲಿ ಯಾರ ಮನೆಯಲ್ಲಿದೆ, ಕೈ ಎತ್ತಿ ಎಂದು ಮಾತಿನ ಆರಂಭದಲ್ಲೇ ಕೇಳಬೇಕೆಂದುಕೊಂಡಿದ್ದೆ. ಬೇಕೆಂದೇ ಕೇಳಲಿಲ್ಲ. ಕೇಳಿದ್ದರೆ ನೀವು ಕೈ ಎತ್ತುವ ಮೊದಲು ಪಕ್ಕಕ್ಕೆ ನೋಡುತ್ತಿದ್ದಿರಿ, ಪಕ್ಕದವರು ನಿಮ್ಮನ್ನು ನೋಡುತ್ತಿದ್ದರು, ಕೊನೆಗೆ ಹಿಂದಿನ ಸಾಲಿನ ಇಬ್ಬರು ಮೂವರು ಅರ್ಧ ಕೈ ಎತ್ತಿ ಇಳಿಸುತ್ತಿದ್ದರು, ನಾವೆಲ್ಲರೂ ಈ ಸಭೆಯಲ್ಲಿ ಅಂಥವರು ಇಬ್ಬರು ಮೂವರೇ ಎಂದು ತಿಳಿದುಕೊಂಡು ಮನೆಗೆ ಹೋಗುತ್ತಿದ್ದೆವು.

ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಒಂದು ಕೋಣೆಯಲ್ಲಿ ಏಳೆಂಟು ಕಾಲೇಜು ಹುಡುಗರು. ಒಂದು ಕಾರ್ಡಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಬೇರೆ ಬೇರೆ ಉದ್ದದ ಮೂರು ಗೆರೆ. ಮೊದಲನೆಯದಕ್ಕೆ ಸಮನಾದದ್ದು ಯಾವುದೆಂದು ಒಬ್ಬೊಬ್ಬರೇ ಬಾಯಿಬಿಟ್ಟು ಹೇಳಬೇಕು. ಒಂಟಿಯಾಗಿ ಕೂರಿಸಿ ಕೇಳಿದರೆ ಯಾರೂ ತಪ್ಪದಷ್ಟು ಸುಲಭ. ಆದರೆ ಆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಹದಿನೆಂಟು ಸುತ್ತುಗಳಲ್ಲಿ ಹನ್ನೆರಡರಲ್ಲಿ ಅವರೆಲ್ಲರೂ ಒಂದೇ ತಪ್ಪು ಉತ್ತರವನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಆ ಸುತ್ತುಗಳಲ್ಲಿ ಆ ಒಬ್ಬ ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಗುಂಪಿನ ತಪ್ಪು ಉತ್ತರವೇ ಆಗಿತ್ತು, ಇಂಥವರಲ್ಲಿ ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಗುಂಪಿಗೆ ಶರಣಾದರು. ಎಲ್ಲರೂ ಈ ಪ್ರಯೋಗವನ್ನು ಇಲ್ಲಿಗೆ ನಿಲ್ಲಿಸಿ, ಮನುಷ್ಯ ಕುರಿಯಂತೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಮುಂದಿನ ಭಾಗ ಇನ್ನೂ ಮುಖ್ಯ. ಗುಂಪಿನಲ್ಲಿ ಮತ್ತೊಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳಿದರೆ ಸಾಕು, ತಪ್ಪುಗಳು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತಿದ್ದವು. ಆ ಹುಡುಗರು ಒಂದೇ ಊರಿನ ಬಂಧುಬಳಗದವರಲ್ಲ, ಪ್ರಯೋಗ ಮುಗಿದ ಮೇಲೆ ಮತ್ತೆ ಭೇಟಿಯಾಗುವ ಅಗತ್ಯವೂ ಇರಲಿಲ್ಲ. ಹುಟ್ಟಿನಿಂದ ಸಾವಿನವರೆಗೆ ಅದೇ ಮುಖಗಳ ನಡುವೆ ಬದುಕಬೇಕಾದವರ ಮೇಲೆ ಎಷ್ಟು ಒತ್ತಡವಿದ್ದೀತು ಎಂಬುದನ್ನು ನೀವೇ ಊಹಿಸಿ.

ಇನ್ನೊಂದು ಅಧ್ಯಯನ ಸೌದಿ ಅರೇಬಿಯಾದ ರಿಯಾದ್ ನಗರದ್ದು, 2020ರಲ್ಲಿ ಪ್ರಕಟವಾದದ್ದು. ಒಂದೇ ಬಡಾವಣೆಯ, ಒಬ್ಬರಿಗೊಬ್ಬರು ಗೊತ್ತಿದ್ದ ಯುವ ವಿವಾಹಿತ ಗಂಡಸರನ್ನು ಸುಮಾರು ಮೂವತ್ತು ಮಂದಿಯ ತಂಡಗಳಲ್ಲಿ ಕೂರಿಸಿ, ಹೆಂಗಸರು ಮನೆಯಿಂದ ಹೊರಗೆ ಕೆಲಸ ಮಾಡುವುದನ್ನು ನೀವು ಒಪ್ಪುತ್ತೀರಾ ಎಂದು ಗುಟ್ಟಾಗಿ ಕೇಳಿದರು. ಶೇ. 87ರಷ್ಟು ಮಂದಿ ಒಪ್ಪುತ್ತೇವೆಂದರು. ಈ ಕೋಣೆಯಲ್ಲಿ ಎಷ್ಟು ಮಂದಿ ಒಪ್ಪಿರಬಹುದು ಎಂದು ಕೇಳಿದಾಗ ಹೆಚ್ಚಿನವರು ನಿಜಕ್ಕಿಂತ ತೀರ ಕಡಿಮೆ ಅಂದಾಜು ಮಾಡಿದರು. ಆಮೇಲೆ ಅರ್ಧದಷ್ಟು ಮಂದಿಗೆ ನಿಜವಾದ ಸಂಖ್ಯೆಯನ್ನು ತಿಳಿಸಿ, ಹೆಂಡತಿಯ ಹೆಸರನ್ನು ಉದ್ಯೋಗ ಹುಡುಕಿಕೊಡುವ ಸೇವೆಯೊಂದರಲ್ಲಿ ನೋಂದಾಯಿಸುವ ಅವಕಾಶವನ್ನು ಎಲ್ಲರಿಗೂ ಕೊಟ್ಟರು. ಸಂಖ್ಯೆ ತಿಳಿಯದವರಲ್ಲಿ ಶೇ. 23 ಮಂದಿ ನೋಂದಾಯಿಸಿದರೆ ತಿಳಿದವರಲ್ಲಿ ಶೇ. 32 ಮಂದಿ ನೋಂದಾಯಿಸಿದರು. ಅವರಿಗೆ ಯಾರೂ ಉಪದೇಶ ಮಾಡಲಿಲ್ಲ, ವೈಚಾರಿಕತೆಯ ಪಾಠ ಹೇಳಲಿಲ್ಲ. ಪಕ್ಕದಲ್ಲಿ ಕೂತವನೂ ನಿನ್ನಂತೆಯೇ ಯೋಚಿಸುತ್ತಿದ್ದಾನೆ ಎಂದಷ್ಟೇ ಹೇಳಿದರು. ಆ ಕೋಣೆಗಳಲ್ಲಿ ಹೆದರಿಸುವವರು ಇದ್ದರೂ ಬೆರಳೆಣಿಕೆಯಷ್ಟು, ಹೆದರುವವರೇ ಹೆಚ್ಚು.

ಹಾಗಾದರೆ ನಮ್ಮ ನಡುವೆ ಕಾವಲು ಕಾಯುವ ಜನ ಇಲ್ಲವೇ, ಬಹಿಷ್ಕಾರ ಹಾಕುವವರು, ಚುಚ್ಚಿ ಮಾತನಾಡುವವರು ಕಲ್ಪನೆಯೇ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಅವರಲ್ಲೂ ಎಲ್ಲರೂ ನಂಬಿದವರಲ್ಲ. ರಾಬ್ ವಿಲ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವೈನ್ ರುಚಿಯ ಪ್ರಯೋಗವೊಂದರಲ್ಲಿ, ಗುಂಪಿನ ಒತ್ತಡಕ್ಕೆ ಮಣಿದು ತಪ್ಪು ಅಭಿಪ್ರಾಯವನ್ನು ಒಪ್ಪಿಕೊಂಡವರೇ ನಿಜ ಹೇಳಿದ ಒಂಟಿ ಮನುಷ್ಯನಿಗೆ ಎಲ್ಲರೆದುರು ಕಡಿಮೆ ಅಂಕ ಕೊಟ್ಟರು. ಗುಟ್ಟಾಗಿ ಅಂಕ ಕೊಡಲು ಹೇಳಿದಾಗ ಆ ಕಠೋರತೆ ಕಾಣಲಿಲ್ಲ. ತಾನು ಮನಸಾರೆ ಒಪ್ಪಿದ್ದೇನೆ, ಹೆದರಿ ಅಲ್ಲ ಎಂದು ತೋರಿಸಿಕೊಳ್ಳಲು ಮನುಷ್ಯ ಇನ್ನೊಬ್ಬನನ್ನು ದಂಡಿಸುತ್ತಾನೆ. ಕುಟುಂಬಗಳಲ್ಲಿ ಕಟ್ಟುಪಾಡುಗಳ ಬಗ್ಗೆ ಅತಿ ಬಿಗಿಯಾಗಿರುವವರು ಎಷ್ಟೋ ಸಲ ಅದೇ ಕಟ್ಟುಪಾಡಿನಿಂದ ಅತಿ ಹೆಚ್ಚು ನೊಂದವರಾಗಿರುವುದನ್ನು ನೀವೂ ಕಂಡಿರುತ್ತೀರಿ. ತಾವು ಪಟ್ಟ ಪಾಡಿಗೆ ಅರ್ಥವೇ ಇರಲಿಲ್ಲವೆಂದು ಒಪ್ಪಿಕೊಳ್ಳುವುದು ಆ ಪಾಡಿಗಿಂತಲೂ ಕಷ್ಟ.

ಹಾನಿ ನಿಜವಾಗಿಯೂ ಕಣ್ಣಿಗೆ ಕಾಣದ ಸಂದರ್ಭಗಳೂ ಇವೆ, ಅವನ್ನು ಮರೆಮಾಚಿದರೆ ನನ್ನ ವಾದ ಅಪ್ರಾಮಾಣಿಕವಾಗುತ್ತದೆ. ಪಪುವಾ ನ್ಯೂಗಿನಿಯ ಪೂರ್ವ ಮಲೆನಾಡಿನ ಫೋರೆ ಜನ ತೀರಿಹೋದ ಬಂಧುಗಳ ದೇಹವನ್ನು ಹುಳುಗಳ ಪಾಲಿಗೆ ಬಿಡಬಾರದೆಂದು ತಾವೇ ತಿನ್ನುತ್ತಿದ್ದರು. ಕೇಳಿದ ಕೂಡಲೇ ಮುಖ ಸಿಂಡರಿಸಬೇಡಿ, ಅವರಿಗೆ ಅದು ದುಃಖ ಮತ್ತು ಪ್ರೀತಿಯ ಕ್ರಿಯೆ. ಅದರಿಂದ 'ಕುರು' ಎಂಬ ರೋಗ ಹರಡಿತು. ಅವರ ಮಾತಿನಲ್ಲಿ ಕುರು ಎಂದರೆ ನಡುಗುವುದು. ಮೊದಲು ನಡಿಗೆ ತಪ್ಪುತ್ತಿತ್ತು, ಆಮೇಲೆ ಮೈ ನಡುಗುತ್ತಿತ್ತು, ಸುಮಾರು ಒಂದು ವರ್ಷದೊಳಗೆ ಸಾವು. ಮಿದುಳನ್ನು ತಿನ್ನುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳಾದ್ದರಿಂದ ಸತ್ತವರೂ ಹೆಚ್ಚಾಗಿ ಅವರೇ. 1950ರ ದಶಕದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು, ಆ ಜನಾಂಗದ ಒಟ್ಟು ಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಅವರು ಮಾಟಗಾರರನ್ನು ಹುಡುಕಿದರು, ಸಭೆ ಸೇರಿಸಿ ಅವರನ್ನು ಬೇಡಿಕೊಂಡರು, ಶಪಿಸಿದರು. ಕಾರಣ ತಮ್ಮ ಶೋಕಾಚರಣೆಯಲ್ಲೇ ಇದೆಯೆಂದು ಅವರಿಗೆ ತಿಳಿಯುವಂತೆಯೇ ಇರಲಿಲ್ಲ, ಏಕೆಂದರೆ ತಿಂದದ್ದಕ್ಕೂ ನಡುಕಕ್ಕೂ ನಡುವೆ ಹಲವು ವರ್ಷ, ಕೆಲವರಲ್ಲಿ ಐವತ್ತು ವರ್ಷ, ಕಳೆದಿರುತ್ತಿತ್ತು. ಆಸ್ಟ್ರೇಲಿಯಾದ ಆಡಳಿತ ಆ ಆಚರಣೆಯನ್ನು ನಿಲ್ಲಿಸಿದ್ದು 1950ರ ದಶಕದ ಕೊನೆಯ ಹೊತ್ತಿಗೆ. ಕೊನೆಯ ರೋಗಿಗಳು ಸತ್ತದ್ದು ಈ ಶತಮಾನದಲ್ಲಿ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವಿವರ ಇನ್ನೊಂದಿದೆ. ಅನಾದಿಯಿಂದ ಬಂದದ್ದು ಎಂದು ಹೊರಗಿನವರಿಗೆ ಅನ್ನಿಸುವ ಆ ಆಚರಣೆ, ಅಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರಾದ ಶರ್ಲಿ ಲಿಂಡನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಅವರಿಗೆ ಹಿರಿಯರು ಹೇಳಿದ ಪ್ರಕಾರ, ಉತ್ತರದ ನೆರೆಯವರಿಂದ ಫೋರೆ ಜನರಿಗೆ ಬಂದದ್ದು ಇಪ್ಪತ್ತನೆಯ ಶತಮಾನ ಶುರುವಾಗುವ ಆಸುಪಾಸಿನಲ್ಲಿ. ಎರಡು ತಲೆಮಾರು ಸಾಕು, ನೆರೆಯಿಂದ ಕಡ ತಂದದ್ದು 'ನಮ್ಮ ಹಿರಿಯರದ್ದು' ಆಗುತ್ತದೆ. ಯಾವುದೇ ಆಚರಣೆಯನ್ನು ಪ್ರಶ್ನಿಸಿದ ಕೂಡಲೇ ಅದರ ಹಿಂದೆ ವಿಜ್ಞಾನವಿದೆ ಎಂದು ಹೇಳುವವರು ಈಗ ಎಲ್ಲೆಡೆ ಸಿಗುತ್ತಾರೆ. ಹಿರಿಯರು ಆ ಕಾರಣವನ್ನು ಎಲ್ಲೂ ಹೇಳಿರುವುದಿಲ್ಲ, ಆಚರಣೆ ಅಲುಗಾಡತೊಡಗಿದಾಗ ಮೊಮ್ಮಕ್ಕಳು ಅದಕ್ಕೆ ಊರುಗೋಲು ಕೆತ್ತಿ ಕೊಟ್ಟಿರುತ್ತಾರೆ.

ಮತ್ತೆ ಚೀನಾಕ್ಕೆ ಬರೋಣ, ಏಕೆಂದರೆ ಅಲ್ಲಿ ಸಾವಿರ ವರ್ಷದ ಪದ್ಧತಿ ಒಂದು ತಲೆಮಾರಿನಲ್ಲಿ ಮುಗಿದುಹೋಯಿತು. ಬೀಜಿಂಗ್‌ನ ದಕ್ಷಿಣಕ್ಕಿರುವ ಡಿಂಗ್‌ಶಿಯೆನ್ ಎಂಬ ಗ್ರಾಮೀಣ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯ ಪ್ರಕಾರ 1889ರಲ್ಲಿ ಶೇ. 99 ಹೆಣ್ಣುಮಕ್ಕಳ ಪಾದ ಕಟ್ಟಲಾಗಿತ್ತು. 1899ರಲ್ಲೂ ಶೇ. 94. 1919ರ ಹೊತ್ತಿಗೆ ಒಬ್ಬರದ್ದೂ ಇಲ್ಲ. ಜಾರಿ ಬಿದ್ದ ಗಡಿಗೆ ಒಡೆದಂತೆ ಒಡೆಯಿತು. ಗೆರಿ ಮ್ಯಾಕಿ ಎಂಬ ರಾಜ್ಯಶಾಸ್ತ್ರಜ್ಞ 1996ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಪ್ರತಿಜ್ಞಾ ಸಂಘಗಳು ಮುಖ್ಯ ಕಾರಣವೆಂದರು. 1874ರಲ್ಲಿ ಶಿಯಾಮೆನ್ ಪಟ್ಟಣದಲ್ಲಿ ಕ್ರೈಸ್ತ ಹೆಂಗಸರ ಸಣ್ಣ ಗುಂಪಿನಿಂದ ಇವು ಶುರುವಾದವು. ಆಮೇಲೆ ಕಾಂಗ್ ಯೂವೆಯ್ ಅವರಂಥ ಚೀನೀ ಸುಧಾರಕರು ತಮ್ಮದೇ ಸಂಘಗಳನ್ನು ಕಟ್ಟಿದರು, 1895ರಲ್ಲಿ ಅಲಿಸಿಯಾ ಲಿಟಲ್ ಎಂಬ ಇಂಗ್ಲಿಷ್ ಮಹಿಳೆ ಶಾಂಘೈಯಲ್ಲಿ ದೊಡ್ಡ ಸಂಘವೊಂದನ್ನು ಆರಂಭಿಸಿದರು. ಸದಸ್ಯರು ಎರಡು ಮಾತು ಕೊಡಬೇಕಿತ್ತು: ನಮ್ಮ ಮಗಳ ಪಾದ ಕಟ್ಟುವುದಿಲ್ಲ, ಮತ್ತು ಪಾದ ಕಟ್ಟಿಸಿಕೊಂಡವಳನ್ನು ನಮ್ಮ ಮಗನಿಗೆ ತಂದುಕೊಳ್ಳುವುದಿಲ್ಲ.

ಎರಡನೆಯ ಮಾತಿನ ಜಾಣತನವನ್ನು ಗಮನಿಸಿ. ಮೊದಲನೆಯದು ಬರಿಯ ತ್ಯಾಗ, ಅದನ್ನು ಒಂಟಿ ಆದರ್ಶವಾದಿಯೂ ಮಾಡಬಲ್ಲ, ಮಾಡಿ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬಲ್ಲ. ಎರಡನೆಯದು ಬೇರೆಯವರ ಮಗಳಿಗೆ ಬಾಗಿಲು ತೆರೆಯುತ್ತದೆ. ನೂರು ಮನೆಗಳು ಹೀಗೆ ಬಹಿರಂಗವಾಗಿ ಮಾತು ಕೊಟ್ಟರೆ ಆ ನೂರು ಮನೆಗಳ ಹೆಣ್ಣುಮಕ್ಕಳಿಗೆ ಆ ನೂರು ಮನೆಗಳಲ್ಲೇ ಗಂಡು ಸಿಗುತ್ತದೆ. ಆಗ ನೂರಾ ಒಂದನೆಯವರಿಗೆ ಆದರ್ಶದ ಅಗತ್ಯವೂ ಇಲ್ಲ, ಲೆಕ್ಕವೇ ಅವರನ್ನು ಕರೆತರುತ್ತದೆ. ಜನರನ್ನು ಒಟ್ಟಿಗೆ ಕಟ್ಟಿಹಾಕಿದ್ದ ಹಗ್ಗವನ್ನು ಇವರು ಕತ್ತರಿಸಲಿಲ್ಲ, ಅದನ್ನೇ ಹಿಡಿದು ಎಲ್ಲರನ್ನೂ ಇನ್ನೊಂದು ದಡಕ್ಕೆ ಎಳೆದರು. ಸಮುದಾಯದ ಒಗ್ಗಟ್ಟನ್ನು ಮುರಿದರೆ ಮಾತ್ರ ಸುಧಾರಣೆ ಎಂದು ವಾದಿಸುವ ನನ್ನ ಕೆಲವು ಸ್ನೇಹಿತರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳಿ ಬೇಸರ ತರಿಸಿದ್ದೇನೆ.

ಇದೇ ದಾರಿಯನ್ನು ಈ ಇತಿಹಾಸದ ಗೊಡವೆಯೇ ಇಲ್ಲದೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಹಳ್ಳಿಗರು ಕಂಡುಕೊಂಡರು. ಅಲ್ಲಿನ ಹಲವು ಸಮುದಾಯಗಳಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನದ ಪದ್ಧತಿ ಇತ್ತು, ಇನ್ನೂ ಕೆಲವೆಡೆ ಇದೆ. 1991ರಲ್ಲಿ ಮಾಲಿ ಮೆಲ್ಚಿಂಗ್ ಎಂಬವರು 'ತೊಸ್ತಾನ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ವೊಲೊಫ್ ಭಾಷೆಯಲ್ಲಿ ಆ ಮಾತಿಗೆ ಮರಿ ಮೊಟ್ಟೆಯೊಡೆದು ಹೊರಬರುವುದು ಎಂಬ ಅರ್ಥ. ಅವರು ಹಳ್ಳಿಯ ಹೆಂಗಸರಿಗೆ ಅವರದೇ ಭಾಷೆಯಲ್ಲಿ ಓದುಬರಹ, ಆರೋಗ್ಯ, ಹಕ್ಕುಗಳ ವಿಚಾರ ಕಲಿಸುತ್ತಿದ್ದರು. ಕಲಿತ ಹೆಂಗಸರ ನಡುವೆ ಮಾತು ಬೆಳೆದು, ಮಲಿಕುಂದಾ ಬಂಬಾರಾ ಎಂಬ ಹಳ್ಳಿಯವರು 1997ರ ಜುಲೈ 31ರಂದು ಈ ಪದ್ಧತಿಯನ್ನು ಬಿಟ್ಟೆವೆಂದು ಬಹಿರಂಗವಾಗಿ ಘೋಷಿಸಿದರು. ಮುಂದೆ ಆದದ್ದು ಹೊಗಳಿಕೆಯಲ್ಲ. ಮಾನ ಕಳೆದಿರಿ, ಪರಂಪರೆಗೆ ದ್ರೋಹ ಬಗೆದಿರಿ ಎಂದು ಸುತ್ತಲಿನವರು ತಿರುಗಿ ಬಿದ್ದರು.

ಕಾನೂನಿನ ಪಾತ್ರವೇನು ಎಂದು ಇಂಥ ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಸೆನೆಗಲ್ 1999ರ ಜನವರಿಯಲ್ಲಿ ಈ ಪದ್ಧತಿಯನ್ನು ಅಪರಾಧವೆಂದು ಕಾಯಿದೆ ಮಾಡಿತು. ಬಿಡಬೇಕೆಂದು ಆಗಲೇ ಮನಸ್ಸು ಮಾಡಿದವರಿಗೆ ಕಾಯಿದೆ ಒಳ್ಳೆಯ ನೆಪ. ಏನು ಮಾಡೋದು, ಸರ್ಕಾರ ಬಿಡೋದಿಲ್ಲ ಎಂದು ಹಿರಿಯರ ಮುಂದೆ ಹೇಳಬಹುದು. ಮನಸ್ಸು ಮಾಡದವರನ್ನು ಅದು ಮುಚ್ಚಿದ ಬಾಗಿಲಿನ ಹಿಂದಕ್ಕೆ ತಳ್ಳುತ್ತದೆ. ಚಿಂಗ್ ದೊರೆಗಳ ಕಥೆ ಕೇಳಿದಿರಲ್ಲ. ಹಾಗೆಂದು ಕಾಯಿದೆಯೇ ಬೇಡವೆನ್ನುವವನು ನಾನಲ್ಲ. ಮಗುವಿನ ಮೈಗೆ ಕತ್ತಿ ಬೀಳುವಾಗ ಊರಿನ ಮನಸ್ಸು ಮಾಗಲೆಂದು ಕಾಯುತ್ತ ಕೂರಲಾಗದು. ಘೋಷಣೆಗಳನ್ನೂ ಅತಿಯಾಗಿ ನಂಬಬೇಕಿಲ್ಲ. ಘೋಷಿಸಿದ ಹಳ್ಳಿಗಳಲ್ಲೂ ಎಲ್ಲ ಮನೆಗಳೂ ಬಿಡಲಿಲ್ಲವೆಂದು ಆಮೇಲಿನ ಪರಿಶೀಲನೆಗಳು ತೋರಿಸಿವೆ.

ಮಲಿಕುಂದಾ ಬಂಬಾರಾದ ಹೆಂಗಸರು ಬೈಗುಳ ತಿನ್ನುತ್ತಿದ್ದಾಗ ಸಮೀಪದ ಕೇರ್ ಸಿಂಬಾರಾ ಎಂಬ ಹಳ್ಳಿಯ ಇಮಾಮ್ ದೆಂಬಾ ಜವಾರಾ ಎಂಬ ಹಿರಿಯರು ಮೆಲ್ಚಿಂಗ್ ಅವರ ಬಳಿ ಬಂದರು. ಬಂದದ್ದು ಬೆಂಬಲಕ್ಕಲ್ಲ, ಆಕ್ಷೇಪಕ್ಕೆ. ನೀವೇ ವೈದ್ಯರನ್ನು ಕೇಳಿ, ಧರ್ಮ ಬಲ್ಲವರನ್ನು ಕೇಳಿ, ನಿಮ್ಮ ಮನೆಯ ಹೆಂಗಸರನ್ನೂ ಕೇಳಿ ಎಂದು ಆಕೆ ಹೇಳಿ ಕಳುಹಿಸಿದರು. ಅವರು ಕೇಳಿದರು. ತಮ್ಮ ಮನೆಯ ಹೆಂಗಸರು ಹೇಳಿದ್ದನ್ನು ಕೇಳಿದ ಮೇಲೆ ಆ ಮುದುಕರ ಮನಸ್ಸು ತಿರುಗಿತು, ಆದರೆ ವ್ಯವಹಾರಜ್ಞಾನ ಬಿಡಲಿಲ್ಲ. ಒಂದು ಹಳ್ಳಿ ತಾನೊಂದೇ ಬಿಡಲಾಗದು, ನಮ್ಮ ಬಂಧುಬಳಗ ಹಲವು ಊರುಗಳಲ್ಲಿ ಹರಡಿದೆ, ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಟ್ಟಿಗೆ ಒಪ್ಪಬೇಕು ಎಂದರು. ಆಮೇಲೆ ಬಂಧುಗಳಿರುವ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋದರು. 1998ರ ಫೆಬ್ರುವರಿಯಲ್ಲಿ ಜಬುಗು ಎಂಬಲ್ಲಿ ಹದಿಮೂರು ಹಳ್ಳಿಗಳ ಪ್ರತಿನಿಧಿಗಳು ಸೇರಿ ಒಟ್ಟಿಗೆ ಮಾತು ಕೊಟ್ಟರು.